ವಿದ್ಯಾರ್ಥಿವೇತನ ಕೈತಪ್ಪದಂತೆ: ಮುಂಬೈ, ಪುಣೆ ಓದುಗರ ಪ್ರಶ್ನೆಗಳಿಗೆ ಉತ್ತರ

ಕಾಲೇಜಿನ ಹಣಸಹಾಯದ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಹೋದ ವರ್ಷ ಬಂದಿತ್ತು, ಈ ವರ್ಷ ಬರಲಿಲ್ಲ’ ಎಂಬ ಮಾತಿನಿಂದಲೇ ಶುರುವಾಗುತ್ತವೆ. ಅರ್ಜಿ ಹಾಕುವುದು ಹೇಗೆಂದು ಎಲ್ಲರೂ ಹೇಳಿಕೊಡುತ್ತಾರೆ. ಮಂಜೂರಾದದ್ದು ಕೋರ್ಸು ಮುಗಿಯುವವರೆಗೂ ಬರುತ್ತಿರಬೇಕಾದರೆ ಏನು ಮಾಡಬೇಕೆಂದು ಹೇಳುವವರು ಕಡಿಮೆ. ಅದಕ್ಕೇ ಈ ಸಲ ಆ ಭಾಗಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಸಿಇಟಿ ಬರೆದ ಮಗಳಿಗೆ ಕ್ಯಾಪ್ (ಸರ್ಕಾರದ ಕೇಂದ್ರೀಕೃತ ಸೀಟು ಹಂಚಿಕೆ) ಸುತ್ತಿನಲ್ಲಿ ನವಿ ಮುಂಬೈಯ ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ನಮ್ಮವರದು ಹೋಟೆಲಿನಲ್ಲಿ ಕ್ಯಾಶಿಯರ್ ಕೆಲಸ, ವರ್ಷದ ಆದಾಯ ಐದು ಲಕ್ಷದೊಳಗೆ. ಹೆಣ್ಣುಮಕ್ಕಳಿಗೆ ಫೀ ಪೂರ್ತಿ ಮಾಫಿ ಎನ್ನುತ್ತಾರೆ. ಕಾಲೇಜಿನವರು ಮಾತ್ರ ಮೂವತ್ತೆಂಟು ಸಾವಿರ ಕಟ್ಟಿ ಎನ್ನುತ್ತಿದ್ದಾರೆ. ಯಾವುದು ನಿಜ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಎರಡೂ ನಿಜ ಇರಬಹುದು ತಾಯಿ. ಮಹಾರಾಷ್ಟ್ರ ಸರ್ಕಾರದ 2024ರ ಜುಲೈ 8ರ ಆದೇಶದಂತೆ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರದ, ಆರ್ಥಿಕವಾಗಿ ಹಿಂದುಳಿದ, ಎಸ್‌ಇಬಿಸಿ (ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದ) ಮತ್ತು ಒಬಿಸಿ ವರ್ಗಗಳ ಹೆಣ್ಣುಮಕ್ಕಳಿಗೆ ವೃತ್ತಿಪರ ಕೋರ್ಸುಗಳ ಬೋಧನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕವನ್ನು ಸರ್ಕಾರವೇ ಪೂರ್ತಿ ಭರಿಸುತ್ತದೆ. ಇದು 2024–25ರಿಂದ ಜಾರಿಯಲ್ಲಿದೆ. ಅದಕ್ಕೆ ಮೊದಲು ಅರ್ಧ ಮಾತ್ರ ಸಿಗುತ್ತಿತ್ತು. ಮಾಫಿ ಆಗುವುದು ಈ ಎರಡು ಬಾಬ್ತು ಮಾತ್ರ. ಡೆವಲಪ್‌ಮೆಂಟ್ ಫೀ, ಜಿಮ್‌ಖಾನಾ, ಲೈಬ್ರರಿ ಡಿಪಾಸಿಟ್, ಬಸ್ಸು, ಹಾಸ್ಟೆಲು ಎಲ್ಲ ನಿಮ್ಮ ಮೇಲೆಯೇ ಬರುತ್ತದೆ. ಹಾಗಾಗಿ ಮೂವತ್ತೆಂಟು ಸಾವಿರದಲ್ಲಿ ಯಾವುದಕ್ಕೆ ಎಷ್ಟು ಎಂದು ಬಿಡಿಬಿಡಿಯಾಗಿ ಬರೆದುಕೊಡಲು ಕೇಳಿ. ಖಾಸಗಿ ಕಾಲೇಜಿನ ಶುಲ್ಕವನ್ನು ರಾಜ್ಯದ ಶುಲ್ಕ ನಿಯಂತ್ರಣ ಪ್ರಾಧಿಕಾರ ನಿಗದಿ ಮಾಡುತ್ತದೆ. ಆ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಬೋಧನಾ ಶುಲ್ಕವೇ ಬೇರೆ ಹೆಸರಿನಲ್ಲಿ ಒಳಗೆ ಬಂದಿದೆಯೇ ಎಂಬುದು ಗೊತ್ತಾಗುತ್ತದೆ.

ನಿಮಗೆ ಹೊಂದುವ ಯೋಜನೆಯ ಹೆಸರು ರಾಜರ್ಷಿ ಛತ್ರಪತಿ ಶಾಹು ಮಹಾರಾಜ ಶಿಕ್ಷಣ ಶುಲ್ಕ ಶಿಷ್ಯವೃತ್ತಿ. ಜನರ ಬಾಯಲ್ಲಿ ಇದು ಇಬಿಸಿ. ಸೀಟು ಕ್ಯಾಪ್ ಮೂಲಕವೇ ಸಿಕ್ಕಿರಬೇಕು. ಮ್ಯಾನೇಜ್‌ಮೆಂಟ್ ಕೋಟಾ, ಡೀಮ್ಡ್ ವಿಶ್ವವಿದ್ಯಾಲಯ, ಸ್ವಂತ ಹಣದ ಖಾಸಗಿ ವಿಶ್ವವಿದ್ಯಾಲಯಗಳಿಗೆ ಇದು ಅನ್ವಯಿಸುವುದಿಲ್ಲ. ಮಹಾರಾಷ್ಟ್ರದ ಡೊಮಿಸೈಲ್, ಅಂದರೆ ನಿವಾಸಿ ಪ್ರಮಾಣಪತ್ರ ಬೇಕು. ಒಂದು ಕುಟುಂಬದ ಇಬ್ಬರು ಮಕ್ಕಳಿಗೆ ಮಾತ್ರ ಈ ಸೌಲಭ್ಯ. ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯುತ್ತಿರಬಾರದು. ಎರಡನೇ ವರ್ಷದಿಂದ, ಹಿಂದಿನ ಸೆಮಿಸ್ಟರಿನಲ್ಲಿ ಕನಿಷ್ಠ 50 ಶೇಕಡಾ ಹಾಜರಿ ಇರಬೇಕು ಮತ್ತು ಓದಿನ ನಡುವೆ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಅಂತರ ಬಿದ್ದಿರಬಾರದು.

ಅರ್ಜಿಯನ್ನು ರಾಜ್ಯ ಸರ್ಕಾರದ ಮಹಾಡಿಬಿಟಿ ಪೋರ್ಟಲಿನಲ್ಲಿ ಹಾಕಬೇಕು. ಅದಕ್ಕೆ ಮೊದಲು ತಹಸೀಲ್ದಾರರ ಆದಾಯ ಪ್ರಮಾಣಪತ್ರ ಮಾಡಿಸಿಕೊಳ್ಳಿ. ಸಂಬಳದ ಚೀಟಿ ಅಥವಾ ಐಟಿ ರಿಟರ್ನ್ ಅದರ ಜಾಗದಲ್ಲಿ ನಡೆಯುವುದಿಲ್ಲ, ಅವು ಪ್ರಮಾಣಪತ್ರ ಮಾಡಿಸಲು ಬೇಕಾಗುವ ಆಧಾರಗಳು ಅಷ್ಟೆ. ಸೇತು ಕೇಂದ್ರದಲ್ಲಿ ಸಿಗುವ ಪ್ರಮಾಣಪತ್ರದ ಮೇಲೆ ಬಾರ್‌ಕೋಡ್ ಸಂಖ್ಯೆ ಇರುತ್ತದೆ. ಅದನ್ನು ಪೋರ್ಟಲಿನಲ್ಲಿ ಟೈಪ್ ಮಾಡಿದಾಗ ವಿವರ ತಾನಾಗಿ ತುಂಬಿಕೊಳ್ಳುತ್ತದೆ. ಒಂದು ಅಂಕಿ ತಪ್ಪಿದರೂ ತುಂಬಿಕೊಳ್ಳುವುದಿಲ್ಲ.

ಸೈಬರ್ ಕೆಫೆಯಲ್ಲಿ ಅರ್ಜಿ ತುಂಬಿಸುವವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಮೊಬೈಲ್ ನಂಬರ್ ಮತ್ತು ಇಮೇಲ್ ನಿಮ್ಮದೇ ಆಗಿರಬೇಕು. ಅಂಗಡಿಯವರು ಸಲೀಸಾಗಲೆಂದು ತಮ್ಮ ನಂಬರ್ ಹಾಕಿಬಿಡುತ್ತಾರೆ. ಆಮೇಲೆ ‘ಅರ್ಜಿ ವಾಪಸ್ ಬಂದಿದೆ, ಸರಿಪಡಿಸಿ’ ಎಂಬ ಸಂದೇಶ ಅವರ ಫೋನಿಗೆ ಹೋಗುತ್ತದೆ, ನಿಮಗೆ ತಿಳಿಯುವಷ್ಟರಲ್ಲಿ ಕೊನೆಯ ದಿನಾಂಕ ದಾಟಿರುತ್ತದೆ. ಸಲ್ಲಿಸಿದ ಅರ್ಜಿ ಮೊದಲು ಕಾಲೇಜಿನ ಗುಮಾಸ್ತರ ಬಳಿ, ಆಮೇಲೆ ಪ್ರಾಂಶುಪಾಲರ ಬಳಿ, ಅಲ್ಲಿಂದ ಇಲಾಖೆಗೆ ಹೋಗುತ್ತದೆ. ಕಾಲೇಜಿನ ಮೇಜಿನಲ್ಲೇ ಕೂತುಬಿಡುವ ಅರ್ಜಿಗಳು ಬಹಳ. ಆದ್ದರಿಂದ ವಾರಕ್ಕೊಮ್ಮೆ ಲಾಗಿನ್ ಆಗಿ ಅರ್ಜಿ ಯಾರ ಮೇಜಿನಲ್ಲಿದೆ ಎಂದು ನೋಡಿ. ಎರಡು ವಾರ ಅಲ್ಲಾಡದಿದ್ದರೆ ಅರ್ಜಿ ಸಂಖ್ಯೆ ಹಿಡಿದುಕೊಂಡು ಕಾಲೇಜಿನ ವಿದ್ಯಾರ್ಥಿವೇತನ ವಿಭಾಗಕ್ಕೆ ಹೋಗಿ.

ಮುಂದಿನ ವರ್ಷ ಹಣ ತಾನಾಗಿ ಬರುವುದಿಲ್ಲ. ಪ್ರತಿ ವರ್ಷ ಅದೇ ಪ್ರೊಫೈಲಿನಲ್ಲಿ ರಿನ್ಯೂವಲ್ ಅರ್ಜಿ ಹಾಕಬೇಕು. ಹಿಂದಿನ ವರ್ಷದ ಫಲಿತಾಂಶ ತುಂಬಿ, ಈಗಿನ ಕೋರ್ಸಿನ ಜಾಗದಲ್ಲಿ ಎರಡನೇ ವರ್ಷವನ್ನು ಸೇರಿಸಬೇಕು. ಮೊದಲ ವರ್ಷ ಕೋರ್ಸಿನ ಹೆಸರು ಅಥವಾ ಶಾಖೆ ತಪ್ಪಾಗಿ ತುಂಬಿದ್ದರೆ ತೊಂದರೆ ಎದ್ದುಬರುವುದು ಇಲ್ಲಿಯೇ. ಹೊಸ ಪ್ರೊಫೈಲು ಮಾಡಲು ಹೋಗಬೇಡಿ. ಒಂದೇ ಆಧಾರ್‌ಗೆ ಎರಡು ಪ್ರೊಫೈಲು ಆದರೆ ಎರಡೂ ಸಿಕ್ಕಿಬೀಳುತ್ತವೆ.

ಪ್ರಶ್ನೆ: ಹನ್ನೆರಡನೇ ತರಗತಿಯ ಅಂಕದ ಮೇಲೆ ಕೇಂದ್ರ ಸರ್ಕಾರದ 12,000 ರೂಪಾಯಿ ಎಫ್‌ವೈ ಬಿ.ಕಾಂ.ಗೆ (ಮೊದಲ ವರ್ಷ) ಬಂತು. ಈಗ ಎಸ್‌ವೈ. ಎಫ್‌ವೈಯಲ್ಲಿ 46 ಶೇಕಡಾ ಅಂಕ, ಒಂದು ವಿಷಯದಲ್ಲಿ ಎಟಿಕೆಟಿ (ಫೇಲಾದರೂ ಮೇಲಿನ ತರಗತಿಗೆ ಬಿಡುವ ಅವಕಾಶ), ಹಾಜರಿ 68 ಶೇಕಡಾ. ಕಾಲೇಜು ಎಸ್‌ವೈಗೆ ಸೇರಿಸಿಕೊಂಡಿದೆ. ಹಣ ಮುಂದುವರಿಯುತ್ತದೆಯೇ?
– ವಿದ್ಯಾರ್ಥಿನಿ, ಘಾಟ್ಕೋಪರ್

ಉತ್ತರ: ಈ ಅಂಕದಲ್ಲಿ ಮುಂದುವರಿಯುವುದಿಲ್ಲಮ್ಮ. ನೀವು ಹೇಳುತ್ತಿರುವುದು ಪಿಎಂ-ಯುಎಸ್‌ಪಿ ಕೇಂದ್ರೀಯ ವಿದ್ಯಾರ್ಥಿವೇತನ. ಬೋರ್ಡಿನಲ್ಲಿ ತಮ್ಮ ವಿಭಾಗದ 80ನೇ ಪರ್ಸೆಂಟೈಲ್‌ಗಿಂತ ಮೇಲಿರುವ, ಕುಟುಂಬದ ಆದಾಯ ನಾಲ್ಕೂವರೆ ಲಕ್ಷದೊಳಗಿರುವ ಮಕ್ಕಳಿಗೆ ಸಿಗುವಂಥದ್ದು. ಪದವಿಯ ಮೊದಲ ಮೂರು ವರ್ಷ ತಲಾ 12,000, ಸ್ನಾತಕೋತ್ತರದಲ್ಲಿ ವರ್ಷಕ್ಕೆ 20,000. ನವೀಕರಣಕ್ಕೆ ಎರಡು ಷರತ್ತು: ಹಿಂದಿನ ವರ್ಷದ ಪರೀಕ್ಷೆಯಲ್ಲಿ ಕನಿಷ್ಠ 50 ಶೇಕಡಾ ಅಂಕ, ಜೊತೆಗೆ 75 ಶೇಕಡಾ ಹಾಜರಿ. ರ್‍ಯಾಗಿಂಗ್‌ನಂಥ ಅಶಿಸ್ತಿನ ದೂರು ಇದ್ದರೂ ಕಳೆದುಕೊಳ್ಳಬೇಕಾಗುತ್ತದೆ.

ಇಲ್ಲಿ ಬಹಳ ಮಕ್ಕಳು ತಪ್ಪು ತಿಳಿಯುವುದು ಎಟಿಕೆಟಿಯ ವಿಷಯದಲ್ಲಿ. ಮೇಲಿನ ತರಗತಿಗೆ ಬಿಡುವುದು ವಿಶ್ವವಿದ್ಯಾಲಯದ ನಿಯಮ, ಹಣ ಕೊಡುವುದು ಯೋಜನೆಯ ನಿಯಮ. ಮೊದಲನೆಯದು ಪಾಸಾಯಿತೆಂದು ಎರಡನೆಯದು ಪಾಸಾಗುವುದಿಲ್ಲ. ಹಾಜರಿಯೂ ಹಾಗೆಯೇ. ಸೆಮಿಸ್ಟರಿನಲ್ಲಿ 400 ತಾಸು ಪಾಠ ನಡೆದರೆ 75 ಶೇಕಡಾ ಅಂದರೆ 300. ನಿಮ್ಮ 68 ಶೇಕಡಾ ಅಂದರೆ 272. ಕೊರತೆ 28 ತಾಸು, ಅಂದರೆ ಕಾಲೇಜಿನ ಒಂದು ವಾರಕ್ಕಿಂತ ಸ್ವಲ್ಪ ಹೆಚ್ಚು. ಊರ ಜಾತ್ರೆಗೆ, ಮದುವೆಗೆ ಎಂದು ಹೋದ ಒಂದು ವಾರವೇ ಸಾಕು. ಕಾಯಿಲೆಯಿಂದ ತಪ್ಪಿದ್ದರೆ ವೈದ್ಯರ ಚೀಟಿಯನ್ನು ಆಗಿಂದಾಗಲೇ ಕಾಲೇಜಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ವರ್ಷದ ಕೊನೆಯಲ್ಲಿ ತಂದುಕೊಟ್ಟ ಚೀಟಿಗೆ ಯಾರೂ ಬೆಲೆ ಕೊಡುವುದಿಲ್ಲ.

ಈಗ ಉಳಿದಿರುವ ದಾರಿ: ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಲು ಸಮಯವಿದ್ದರೆ ಹಾಕಿ. ಪೋರ್ಟಲ್ ಮುಚ್ಚುವುದರೊಳಗೆ ಅಂಕ 50 ದಾಟಿದರೆ ಹೊಸ ಅಂಕಪಟ್ಟಿ ಲೆಕ್ಕಕ್ಕೆ ಬರುತ್ತದೆ, ಆದರೆ ಹಾಜರಿಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅದು ಆಗದಿದ್ದರೆ ಕಾಲೇಜಿನಲ್ಲಿ ವಿದ್ಯಾರ್ಥಿ ಸಹಾಯ ನಿಧಿ ಇದೆಯೇ ಎಂದು ಕೇಳಿ, ಶುಲ್ಕವನ್ನು ಕಂತಿನಲ್ಲಿ ಕಟ್ಟಲು ಲಿಖಿತ ಮನವಿ ಕೊಡಿ. ಪುಣೆಯಲ್ಲಿ ಓದುವವರಿಗೆ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ‘ಗಳಿಸುತ್ತ ಕಲಿ’ ಯೋಜನೆಯೂ ಇದೆ. ಕಾಲೇಜಿನಲ್ಲೇ ದಿನಕ್ಕೆ ಕೆಲವು ತಾಸು ಕೆಲಸ ಮಾಡಿ ಹಣ ಪಡೆಯಬಹುದು.

ಪ್ರಶ್ನೆ: ಪೋರ್ಟಲಿನಲ್ಲಿ ಹಣ ಬಿಡುಗಡೆಯಾಗಿದೆ ಎಂದು ತೋರಿಸುತ್ತಿದೆ. ಮಗನ ಪಾಸ್‌ಬುಕ್ಕಿನಲ್ಲಿ ಒಂದು ಪೈಸೆ ಇಲ್ಲ. ಬ್ಯಾಂಕಿನವರು ಆಧಾರ್ ಲಿಂಕ್ ಆಗಿದೆ ಎನ್ನುತ್ತಾರೆ. ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಗಿದೆ.
– ತಂದೆ, ಪಿಂಪ್ರಿ

ಉತ್ತರ: ಹಣ ಎಲ್ಲೋ ಒಂದು ಕಡೆ ಇದೆ, ಗಾಬರಿಯಾಗಬೇಡಿ. ಸರ್ಕಾರ ಈ ಹಣವನ್ನು ಕಳುಹಿಸುವುದು ಖಾತೆ ಸಂಖ್ಯೆಗೆ ಅಲ್ಲ, ಆಧಾರ್ ಸಂಖ್ಯೆಗೆ. ಯಾವ ಆಧಾರ್‌ಗೆ ಯಾವ ಬ್ಯಾಂಕು ಎಂಬ ನಕ್ಷೆ ರಾಷ್ಟ್ರೀಯ ಪಾವತಿ ನಿಗಮದ ಬಳಿ, ಅಂದರೆ ಎನ್‌ಪಿಸಿಐ ಬಳಿ ಇರುತ್ತದೆ. ಆ ನಕ್ಷೆಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕು, ಕೊನೆಗೆ ಯಾವುದನ್ನು ಜೋಡಿಸಿದ್ದೀರೋ ಅದು. ಬ್ಯಾಂಕಿನವರು ‘ಲಿಂಕ್ ಆಗಿದೆ’ ಎಂದಾಗ ಕೆವೈಸಿಗೆ ಆಧಾರ್ ಕೊಟ್ಟಿದ್ದೀರಿ ಎಂಬಷ್ಟೇ ಅರ್ಥವೂ ಇರಬಹುದು. ನಕ್ಷೆಗೆ ಸೇರಿಸಲು ಪ್ರತ್ಯೇಕ ಒಪ್ಪಿಗೆ ಪತ್ರ ಬೇಕು. ಶಾಖೆಯಲ್ಲಿ ‘ಡಿಬಿಟಿಗೆ ಆಧಾರ್ ಸೀಡಿಂಗ್ ಮಾಡಿ’ ಎಂದು ಹೇಳಿಯೇ ಕೇಳಬೇಕು (ಡಿಬಿಟಿ ಎಂದರೆ ಸರ್ಕಾರದ ಹಣ ನೇರವಾಗಿ ಖಾತೆಗೆ ಬರುವ ವ್ಯವಸ್ಥೆ).

ಮೊದಲು ಮೈಆಧಾರ್ ಜಾಲತಾಣದಲ್ಲಿ ಮಗನ ಆಧಾರ್ ಮತ್ತು ಒಟಿಪಿ ಹಾಕಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ನೋಡಿ. ಅಲ್ಲಿ ಬ್ಯಾಂಕಿನ ಹೆಸರು, ಸಕ್ರಿಯವೋ ನಿಷ್ಕ್ರಿಯವೋ ಎಂಬುದು ಕಾಣುತ್ತದೆ. ನೀವು ನೋಡುತ್ತಿರುವ ಪಾಸ್‌ಬುಕ್ಕಿನ ಬ್ಯಾಂಕು ಅಲ್ಲಿ ಇಲ್ಲದಿದ್ದರೆ ಹಣ ಆ ಇನ್ನೊಂದು ಬ್ಯಾಂಕಿಗೆ ಹೋಗಿದೆ. ಹೊಸ ಸಿಮ್ ಕೊಳ್ಳುವಾಗ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆ, ಶಾಲೆಯಲ್ಲಿದ್ದಾಗ ಊರಿನ ಶಾಖೆಯಲ್ಲಿ ತೆರೆದ ಖಾತೆ ಇವೆರಡೂ ಮರೆತುಹೋಗಿರುವ ಸಾಧ್ಯತೆ ಹೆಚ್ಚು.

ಬ್ಯಾಂಕು ಸರಿಯಿದ್ದೂ ಹಣ ಬಾರದಿದ್ದರೆ ಖಾತೆಯ ಬಗೆಯನ್ನು ನೋಡಬೇಕು. ಕಡಿಮೆ ದಾಖಲೆಯಲ್ಲಿ ತೆರೆದ ‘ಸಣ್ಣ ಖಾತೆ’ಯಲ್ಲಿ ಯಾವ ಹೊತ್ತಿನಲ್ಲೂ 50,000 ರೂಪಾಯಿಗಿಂತ ಹೆಚ್ಚು ಇರಬಾರದು, ವರ್ಷದಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಜಮೆಯಾಗಬಾರದು. ಇಂಜಿನಿಯರಿಂಗ್ ಶುಲ್ಕದ ಕಂತು ಬಂದರೆ ಅಲ್ಲಿ ನಿಲ್ಲದೆ ವಾಪಸ್ ಹೋಗುತ್ತದೆ. ಹದಿನೆಂಟಕ್ಕೆ ಮೊದಲು ತೆರೆದ ಮೈನರ್ ಖಾತೆಯೂ ಹಾಗೆಯೇ, ವಯಸ್ಸು ತುಂಬಿದ ಮೇಲೆ ಹೊಸ ಸಹಿ, ಹೊಸ ಕೆವೈಸಿ ಕೊಟ್ಟು ಬದಲಿಸಿಕೊಳ್ಳಬೇಕು. ಇವನ್ನೆಲ್ಲ ಸರಿಪಡಿಸಿ, ಸೀಡಿಂಗ್ ಸಕ್ರಿಯ ಎಂದು ತೋರಿಸಿದ ಪುಟವನ್ನು ಮುದ್ರಿಸಿಕೊಂಡು ಕಾಲೇಜಿಗೂ ಇಲಾಖೆಯ ಕಚೇರಿಗೂ ಕೊಡಿ. ವಾಪಸ್ ಹೋದ ಕಂತನ್ನು ಮತ್ತೆ ಕಳುಹಿಸುವಂತೆ ಪೋರ್ಟಲಿನ ದೂರು ವಿಭಾಗದಲ್ಲೂ ಬರೆಯಿರಿ, ದೂರು ಸಂಖ್ಯೆ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಶುಲ್ಕದ ಹಣ ವಿದ್ಯಾರ್ಥಿಯ ಖಾತೆಗೆ ಬಂದರೆ ಅದು ಕಾಲೇಜಿಗೆ ಸೇರಬೇಕಾದದ್ದು. ಮನೆ ಖರ್ಚಿಗೆ ತೆಗೆದು, ಶುಲ್ಕ ಬಾಕಿ ಉಳಿದು, ಮುಂದಿನ ವರ್ಷ ಕಾಲೇಜು ಅರ್ಜಿಯನ್ನು ಮುಂದೆ ಕಳುಹಿಸಲು ಹಿಂಜರಿಯುವ ಸ್ಥಿತಿ ತಂದುಕೊಳ್ಳಬೇಡಿ. ಕಟ್ಟಿ, ರಸೀದಿ ತೆಗೆದಿಡಿ.

ಪ್ರಶ್ನೆ: ಮಗಳ ಆಧಾರ್ ಊರಿನಲ್ಲಿ ಮಾಡಿಸಿದ್ದು, ಹೆಸರಿನ ಮುಂದೆ ಇನಿಶಿಯಲ್ ಇದೆ. ಇಲ್ಲಿನ ಎಸ್‌ಎಸ್‌ಸಿ ಅಂಕಪಟ್ಟಿಯಲ್ಲಿ ಮೊದಲು ಅಡ್ಡಹೆಸರು, ಆಮೇಲೆ ಅವಳ ಹೆಸರು, ಕೊನೆಗೆ ಅಪ್ಪನ ಹೆಸರು. ಪೋರ್ಟಲ್ ಒಪ್ಪುತ್ತಿಲ್ಲ.
– ಭಾಯಂದರ್

ಉತ್ತರ: ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಬಂದ ಮನೆಗಳಲ್ಲಿ ಇದು ಬಹಳ ಸಾಮಾನ್ಯ. ಅಂಕಪಟ್ಟಿಯನ್ನು ಬದಲಿಸಲು ಹೋಗಬೇಡಿ, ಅದು ಶಾಲೆ, ಬೋರ್ಡು ಎಂದು ತಿಂಗಳುಗಟ್ಟಲೆ ಎಳೆಯುತ್ತದೆ. ಆಧಾರ್ ಅನ್ನೇ ಅಂಕಪಟ್ಟಿಯ ಹಾಗೆ ತಿದ್ದಿಸಿ. ಆದರೆ ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ಬದಲಿಸಲು ಅವಕಾಶ. ಹಾಗಾಗಿ ಆಧಾರ್ ಕೇಂದ್ರದ ಪರದೆಯಲ್ಲಿ ಅಕ್ಷರ ಅಕ್ಷರ ಓದಿಯೇ ಸಹಿ ಮಾಡಿ. ಇನಿಶಿಯಲ್ ಬಿಡಿಸಿ ಪೂರ್ತಿ ಹೆಸರು ಬರೆಸಿ. ಶೆಟ್ಟಿ, ಪೂಜಾರಿ, ಭಟ್ ಇಂಥ ಅಡ್ಡಹೆಸರುಗಳ ಇಂಗ್ಲಿಷ್ ಕಾಗುಣಿತ ಅಪ್ಪನ ದಾಖಲೆಯಲ್ಲಿ ಒಂದು, ಮಗಳ ದಾಖಲೆಯಲ್ಲಿ ಇನ್ನೊಂದು ಇದ್ದರೆ ಅದನ್ನೂ ಈಗಲೇ ನೋಡಿಕೊಳ್ಳಿ. ಆಧಾರ್ ಸರಿಯಾದ ಮೇಲೆ ಬ್ಯಾಂಕಿನಲ್ಲೂ ಅದೇ ಹೆಸರಾಗಬೇಕು, ಆಮೇಲೆ ಪೋರ್ಟಲ್. ಈ ಕ್ರಮ ತಪ್ಪಿದರೆ ಮತ್ತೆ ಮೊದಲಿನಿಂದ ಓಡಾಡಬೇಕಾಗುತ್ತದೆ.

ಪ್ರಶ್ನೆ: ನಾವು ಕಲಬುರಗಿ ಕಡೆಯವರು, ಪರಿಶಿಷ್ಟ ಜಾತಿ. 1998ರಲ್ಲಿ ಪುಣೆಗೆ ಬಂದೆವು. ಮಗ ಹುಟ್ಟಿದ್ದು, ಓದಿದ್ದು ಎಲ್ಲ ಇಲ್ಲೇ. ಕರ್ನಾಟಕದ ಜಾತಿ ಪ್ರಮಾಣಪತ್ರ ಇದೆ. ಮಹಾಡಿಬಿಟಿ ಅರ್ಜಿ ತಿರಸ್ಕೃತವಾಯಿತು. ಇಲ್ಲೂ ಅದೇ ಜಾತಿ ಪಟ್ಟಿಯಲ್ಲಿದೆಯಲ್ಲ?
– ಹಡಪ್ಸರ್, ಪುಣೆ

ಉತ್ತರ: ನಿಮ್ಮ ನೋವು ಅರ್ಥವಾಗುತ್ತದೆ, ಆದರೆ ಕಾನೂನು ಇಲ್ಲಿ ಗಟ್ಟಿಯಾಗಿದೆ. ಪರಿಶಿಷ್ಟ ಜಾತಿಯ ಪಟ್ಟಿ ಆಯಾ ರಾಜ್ಯಕ್ಕೆ ಸಂಬಂಧಿಸಿದ್ದು. ಮುಂಬೈಯ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನ ಸೀಟಿನ ಬಗ್ಗೆ ಆಂಧ್ರ ಮೂಲದ ಹುಡುಗನೊಬ್ಬ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1990ರಲ್ಲಿ ಇದನ್ನು ತೀರ್ಮಾನಿಸಿತು: ಒಂದು ರಾಜ್ಯದ ಪಟ್ಟಿಯಲ್ಲಿರುವವರು ಇನ್ನೊಂದು ರಾಜ್ಯಕ್ಕೆ ವಲಸೆ ಬಂದರೆ, ಹೆಸರು ಅಲ್ಲಿಯ ಪಟ್ಟಿಯಲ್ಲಿದ್ದರೂ ಆ ರಾಜ್ಯದ ಸೌಲಭ್ಯ ದೊರೆಯುವುದಿಲ್ಲ. 1994ರಲ್ಲಿ ಸಂವಿಧಾನ ಪೀಠ ಅದನ್ನೇ ಮತ್ತೆ ಎತ್ತಿಹಿಡಿಯಿತು.

ಮಹಾರಾಷ್ಟ್ರದಲ್ಲಿ ಜಾತಿ ಪ್ರಮಾಣಪತ್ರ ಬೇಕಾದರೆ ಕುಟುಂಬ ಒಂದು ನಿಗದಿತ ದಿನಾಂಕಕ್ಕೆ ಮೊದಲೇ ಇಲ್ಲಿ ನೆಲೆಸಿದ್ದಕ್ಕೆ ದಾಖಲೆ ಬೇಕು. ಪರಿಶಿಷ್ಟ ಜಾತಿಗೆ 1950ರ ಆಗಸ್ಟ್ 10, ವಿಮುಕ್ತ ಮತ್ತು ಅಲೆಮಾರಿ ಜಾತಿಗಳಿಗೆ 1961ರ ನವೆಂಬರ್ 21, ಒಬಿಸಿಗೆ 1967ರ ಅಕ್ಟೋಬರ್ 13. ರಾಜ್ಯದ ಇಡಬ್ಲ್ಯುಎಸ್ ಮೀಸಲಾತಿಗೂ ಇದೇ 1967ರ ದಿನಾಂಕ. 1998ರಲ್ಲಿ ಬಂದ ನಿಮಗೆ ಈ ಬಾಗಿಲು ತೆರೆಯುವುದಿಲ್ಲ. ಆದರೆ ಈ ಉತ್ತರವನ್ನು ಮುಂಬೈಯ ಹಳೆಯ ಕನ್ನಡ ಕುಟುಂಬಗಳೂ ಓದುತ್ತಿರಬಹುದು. ಅಜ್ಜ ಗಿರಣಿಯಲ್ಲಿ ದುಡಿದ ಸೇವಾ ಪುಸ್ತಕ, ಚಾಳಿನ ಹಳೆಯ ಬಾಡಿಗೆ ರಸೀದಿ, ಮುನಿಸಿಪಲ್ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅಪ್ಪ ಅಥವಾ ಅಜ್ಜನ ಹೆಸರು ಇದ್ದರೆ ಅವು ಆಧಾರವಾಗುತ್ತವೆ. ಹಳೆಯ ಟ್ರಂಕು ಖಾಲಿ ಮಾಡುವಾಗ ಇಂಥ ಕಾಗದ ಎಸೆಯಬೇಡಿ.

ನಿಮಗೆ ಉಳಿದಿರುವುದು ಎರಡು ದಾರಿ. ಒಂದು, ಕೇಂದ್ರದ ಸಂಸ್ಥೆಗಳು. ಐಐಟಿ ಬಾಂಬೆ, ಪುಣೆಯ ವಿಜ್ಞಾನ ಸಂಸ್ಥೆ ಐಸರ್, ಎನ್‌ಐಟಿಗಳಲ್ಲಿ ನಿಮ್ಮ ಮೂಲ ರಾಜ್ಯದ ಪಟ್ಟಿಯೇ ನಡೆಯುತ್ತದೆ. ತಂದೆಯ ಪ್ರಮಾಣಪತ್ರದ ಆಧಾರದ ಮೇಲೆ, ವಲಸೆ ಬಂದವರಿಗಾಗಿ ಇರುವ ಕೇಂದ್ರದ ನಮೂನೆಯಲ್ಲಿ ಇಲ್ಲಿಯೇ ಪ್ರಮಾಣಪತ್ರ ಕೇಳಬಹುದು. ಐಐಟಿಯಂಥ ಅಧಿಸೂಚಿತ ಸಂಸ್ಥೆಗಳಲ್ಲಿ ಸೀಟು ಸಿಕ್ಕರೆ ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ಉನ್ನತ ದರ್ಜೆ ಶಿಕ್ಷಣ ಯೋಜನೆಗೆ ಅರ್ಜಿ ಹಾಕಬಹುದು. ಅದರ ಆದಾಯ ಮಿತಿ 8 ಲಕ್ಷ. ಇನ್ನೊಂದು, ಕರ್ನಾಟಕ. ಮೆಟ್ರಿಕ್ ನಂತರದ ಪರಿಶಿಷ್ಟ ಜಾತಿ ವಿದ್ಯಾರ್ಥಿವೇತನಕ್ಕೆ ಆದಾಯ ಮಿತಿ ಎರಡೂವರೆ ಲಕ್ಷ, ಹಣವನ್ನು ವಿದ್ಯಾರ್ಥಿ ಯಾವ ರಾಜ್ಯಕ್ಕೆ ಸೇರಿದವನೋ ಆ ರಾಜ್ಯ ಕೊಡಬೇಕು ಎಂಬುದು ಕೇಂದ್ರದ ಮಾರ್ಗಸೂಚಿ. ಕರ್ನಾಟಕದ ಎಸ್‌ಎಸ್‌ಪಿ ವಿದ್ಯಾರ್ಥಿವೇತನ ಪೋರ್ಟಲಿಗೆ ಜಾತಿ, ಆದಾಯ ಎರಡೂ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಬೇಕು. ಊರಿನಲ್ಲಿ ಈಗ ವಾಸವಿಲ್ಲದಿದ್ದರೆ ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ ಸಿಗುವುದು ಕಷ್ಟ. ಪಡಿತರ ಚೀಟಿ, ಮತದಾರರ ಪಟ್ಟಿ ಇನ್ನೂ ಊರಿನಲ್ಲೇ ಇರುವವರಿಗೆ ಈ ದಾರಿ ಸುಗಮ. ಅರ್ಜಿ ಹಾಕುವ ಮೊದಲು ಕಲಬುರಗಿಯ ಸಮಾಜ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ.

ಪ್ರಶ್ನೆ: ನಮ್ಮ ಸಮಾಜದ ಸಂಘ ವರ್ಷಕ್ಕೊಮ್ಮೆ ಮಕ್ಕಳಿಗೆ ಧನಸಹಾಯ ಕೊಡುತ್ತದೆ. ಅದನ್ನು ತೆಗೆದುಕೊಂಡರೆ ಸರ್ಕಾರದ್ದು ನಿಲ್ಲುತ್ತದೆಯೇ?
– ಮುಲುಂಡ್

ಉತ್ತರ: ಸರ್ಕಾರದ ಎರಡು ಯೋಜನೆಗಳನ್ನು ಒಟ್ಟಿಗೆ ಪಡೆಯುವಂತಿಲ್ಲ. ಉದಾಹರಣೆಗೆ, ರಾಜ್ಯದ ಶುಲ್ಕ ಮಾಫಿ ಪಡೆಯುವವರು ಮೇಲೆ ಹೇಳಿದ ಕೇಂದ್ರದ 12,000ಕ್ಕೆ ಅರ್ಹರಲ್ಲ. ಹುಡುಗಿಯರ ತಾಂತ್ರಿಕ ಶಿಕ್ಷಣಕ್ಕೆ ವರ್ಷಕ್ಕೆ 50,000 ಕೊಡುವ ಎಐಸಿಟಿಇಯ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಪ್ರಗತಿ ಯೋಜನೆಯೂ ಹೀಗೆಯೇ. ಹಾಗಾಗಿ ಎರಡಕ್ಕೂ ಅರ್ಹರಾದವರು ಲೆಕ್ಕ ಹಾಕಿ ದೊಡ್ಡದನ್ನು ಆರಿಸಿಕೊಳ್ಳಬೇಕು. ಸಂಘ ಸಂಸ್ಥೆಗಳು ಪುಸ್ತಕಕ್ಕೋ ಶುಲ್ಕಕ್ಕೋ ಒಮ್ಮೆ ಕೊಡುವ ಸಹಾಯ ಬೇರೆ ಬಗೆಯದು. ಆದರೂ ಅರ್ಜಿಯಲ್ಲಿ ‘ಬೇರೆ ನೆರವು ಪಡೆಯುತ್ತಿದ್ದೀರಾ’ ಎಂಬ ಪ್ರಶ್ನೆ ಇದ್ದರೆ ಇದ್ದದ್ದನ್ನು ಬರೆಯಿರಿ, ಮುಚ್ಚಿಡಬೇಡಿ. ಸುಳ್ಳು ಹೇಳಿಕೆ ಸಾಬೀತಾದರೆ ಪಡೆದ ಹಣವನ್ನೂ ಹಿಂದಿರುಗಿಸಬೇಕಾಗುತ್ತದೆ.

ಪ್ರಶ್ನೆ: ಮಗ ಹುಬ್ಬಳ್ಳಿಯ ಅಜ್ಜಿಯ ಮನೆಯಲ್ಲಿದ್ದು ಪಿಯುಸಿ ಮುಗಿಸಿದ. ಹೊರರಾಜ್ಯದವನೆಂದುಕೊಂಡು ಪುಣೆಯ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ತೆಗೆದುಕೊಂಡೆವು. ಈಗ ವಿದ್ಯಾರ್ಥಿವೇತನ ಇಲ್ಲ ಎನ್ನುತ್ತಾರೆ. ಸಾಲವೇ ಗತಿಯೇ?
– ಥಾಣೆ

ಉತ್ತರ: ನಿಮ್ಮ ಮಗನಿಗೆ ಈ ವರ್ಷ ಇದು ಉಪಯೋಗಕ್ಕೆ ಬಾರದಿದ್ದರೂ ತಂಗಿ ತಮ್ಮಂದಿರಿದ್ದರೆ ನೆನಪಿಡಿ. ಇಂಜಿನಿಯರಿಂಗ್ ಕ್ಯಾಪ್‌ನಲ್ಲಿ ‘ಬಿ’ ಬಗೆಯ ಅಭ್ಯರ್ಥಿ ಎಂಬ ವರ್ಗವಿದೆ. ಮಗ ಹೊರಗೆ ಓದಿದ್ದರೂ ತಂದೆ ಅಥವಾ ತಾಯಿಯ ಬಳಿ ಮಹಾರಾಷ್ಟ್ರದ ಡೊಮಿಸೈಲ್ ಪ್ರಮಾಣಪತ್ರವಿದ್ದರೆ ಅವನು ರಾಜ್ಯದ ಅಭ್ಯರ್ಥಿಯೇ. ಹದಿನೈದು ವರ್ಷದ ವಾಸದ ದಾಖಲೆ ತೋರಿಸಿ ಡೊಮಿಸೈಲ್ ಮಾಡಿಸಿಡುವುದನ್ನು ಹತ್ತನೇ ತರಗತಿಯಲ್ಲೇ ಮುಗಿಸಿ. ಮೆಡಿಕಲ್‌ಗೆ ನಿಯಮ ಇದಕ್ಕಿಂತ ಬಿಗಿ.

ಸಾಲಕ್ಕೆ ಬಂದರೆ, ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ನಿಮ್ಮ ಪಾಲು ಹಾಕಬೇಕಿಲ್ಲ. ಅದಕ್ಕಿಂತ ಹೆಚ್ಚಿದ್ದರೆ ದೇಶದೊಳಗಿನ ಓದಿಗೆ 5 ಶೇಕಡಾ ನಿಮ್ಮದು. ಏಳೂವರೆ ಲಕ್ಷದವರೆಗೆ ಆಸ್ತಿ ಅಡವು ಬೇಡ, ತಂದೆ ಅಥವಾ ತಾಯಿ ಸಹಸಾಲಗಾರರಾಗಬೇಕು. ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತು ಶುರುವಾಗುವುದಿಲ್ಲ. ಆದರೆ ಬಡ್ಡಿ ನಿಂತಿರುವುದಿಲ್ಲ. ಆರು ಲಕ್ಷ ಪೂರ್ತಿ ಬಿಡುಗಡೆಯಾಗಿದ್ದು ಬಡ್ಡಿ 10 ಶೇಕಡಾ ಇದ್ದರೆ ವರ್ಷಕ್ಕೆ 60,000 ಸೇರುತ್ತಲೇ ಇರುತ್ತದೆ. ಓದುವಾಗಲೇ ತಿಂಗಳಿಗೆ ಎರಡು ಮೂರು ಸಾವಿರವಾದರೂ ಬಡ್ಡಿಗೆ ಕಟ್ಟುತ್ತಾ ಹೋದರೆ ಆಮೇಲಿನ ಭಾರ ಬಹಳ ತಗ್ಗುತ್ತದೆ.

ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ 10 ಲಕ್ಷದವರೆಗಿನ ಸಾಲಕ್ಕೆ, ಕಂತು ಶುರುವಾಗುವವರೆಗಿನ ಬಡ್ಡಿಯಲ್ಲಿ 3 ಶೇಕಡಾ ರಿಯಾಯಿತಿ ಇದೆ. ಇದು ಪಟ್ಟಿಯಲ್ಲಿರುವ ಆಯ್ದ ಸಂಸ್ಥೆಗಳಿಗೆ ಮಾತ್ರ. ಮ್ಯಾನೇಜ್‌ಮೆಂಟ್ ಸೀಟಿಗೆ ಅನ್ವಯಿಸುತ್ತದೆಯೇ ಎಂದು ಬ್ಯಾಂಕಿನಲ್ಲಿ ಕೇಳಿಯೇ ಮುಂದುವರಿಯಿರಿ. ನಡುವೆ ಕೋರ್ಸು ಬಿಟ್ಟರೆ ಅಥವಾ ಅಶಿಸ್ತಿಗೆ ಹೊರಹಾಕಿದರೆ ಈ ರಿಯಾಯಿತಿ ನಿಲ್ಲುತ್ತದೆ. ಸಾಲದ ಮುಂದಿನ ಕಂತು ಬಿಡುಗಡೆಗೆ ಬ್ಯಾಂಕು ಪ್ರತಿ ವರ್ಷದ ಅಂಕಪಟ್ಟಿ ಮತ್ತು ಶುಲ್ಕದ ಬೇಡಿಕೆ ಪತ್ರ ಕೇಳುತ್ತದೆ. ಫಲಿತಾಂಶ ಬಂದ ವಾರದಲ್ಲೇ ಕೊಟ್ಟುಬಿಡಿ. ಶುಲ್ಕದ ಕೊನೆಯ ದಿನ ಹೋದರೆ ಯಾವ ಶಾಖೆಯೂ ಒಂದೇ ದಿನದಲ್ಲಿ ಬಿಡುಗಡೆ ಮಾಡಲಾರದು.

ಪ್ರಶ್ನೆ: ಮಗಳು ಹುಟ್ಟಿದ್ದು ಅಮೆರಿಕದಲ್ಲಿ, ಅಲ್ಲಿಯ ಪಾಸ್‌ಪೋರ್ಟ್ ಇದೆ. ನಾವು ಪುಣೆಗೆ ಮರಳಿ ಬಂದು ವರ್ಷಗಳಾದವು. ಈಗ ಅಲ್ಲಿ ಪದವಿಗೆ ಹೋಗುತ್ತಾಳೆ. ಅಲ್ಲಿಯ ಸರ್ಕಾರದ ನೆರವು ಸಿಗುತ್ತದೆಯೇ? ಸಿಕ್ಕರೆ ಯಾವ ಕಾರಣಕ್ಕೆ ನಿಲ್ಲಬಹುದು?
– ಬಾಣೇರ್, ಪುಣೆ

ಉತ್ತರ: ಅಲ್ಲಿಯ ಪ್ರಜೆಯಾದ್ದರಿಂದ ಅರ್ಜಿ ಹಾಕಬಹುದು. (ವಿದೇಶಿ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡಿನ ಮೇಲೆ ಇಲ್ಲಿಯ ಸರ್ಕಾರಿ ವಿದ್ಯಾರ್ಥಿವೇತನ ಸಿಗುವುದಿಲ್ಲ. ಹಾಗೆಯೇ ಇಲ್ಲಿಂದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಹೋಗುವ ಮಕ್ಕಳಿಗೆ ಅಲ್ಲಿಯ ಫೆಡರಲ್ (ಕೇಂದ್ರ ಸರ್ಕಾರದ) ನೆರವು ಇಲ್ಲ.) ಅರ್ಜಿಯ ಹೆಸರು ಫಾಫ್ಸಾ. ಸಾಮಾನ್ಯವಾಗಿ ಅಕ್ಟೋಬರ್ 1ರಂದು ತೆರೆಯುತ್ತದೆ, ಪ್ರತಿ ವರ್ಷ ಹೊಸದಾಗಿ ಹಾಕಬೇಕು. ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದ ತಂದೆತಾಯಿಯೂ ಖಾತೆ ತೆರೆದು ತಮ್ಮ ಭಾಗ ತುಂಬಬಹುದು. ಇಲ್ಲಿಯ ಆದಾಯವನ್ನು ಡಾಲರಿಗೆ ಪರಿವರ್ತಿಸಿ ಬರೆಯಬೇಕು. ಬಡ್ಡಿಯಿಲ್ಲದೆ, ಹಿಂದಿರುಗಿಸಬೇಕಿಲ್ಲದೆ ಸಿಗುವ ಪೆಲ್ ಗ್ರಾಂಟ್ 2025–26ರಲ್ಲಿ ಗರಿಷ್ಠ 7,395 ಡಾಲರ್. ಅವಲಂಬಿತ ವಿದ್ಯಾರ್ಥಿಗೆ ಮೊದಲ ವರ್ಷದ ಫೆಡರಲ್ ಸಾಲ 5,500 ಡಾಲರ್‌ವರೆಗೆ. ಆದರೆ ಪುಣೆಯಲ್ಲಿ ವಾಸವಿರುವುದರಿಂದ ಅವಳು ಅಲ್ಲಿಯ ಯಾವ ರಾಜ್ಯದ ನಿವಾಸಿಯೂ ಅಲ್ಲ. ಸರ್ಕಾರಿ ವಿಶ್ವವಿದ್ಯಾಲಯದಲ್ಲೂ ಹೊರರಾಜ್ಯದ ದುಬಾರಿ ಶುಲ್ಕವನ್ನೇ ಲೆಕ್ಕ ಹಾಕಿಕೊಳ್ಳಿ.

ನೆರವು ನಿಲ್ಲುವುದು ಮುಖ್ಯವಾಗಿ ‘ತೃಪ್ತಿಕರ ಶೈಕ್ಷಣಿಕ ಪ್ರಗತಿ’ಯ ನಿಯಮದಲ್ಲಿ. ಪ್ರತಿ ಕಾಲೇಜಿಗೂ ತನ್ನದೇ ಲಿಖಿತ ನಿಯಮ ಇರುತ್ತದೆ, ಸಾಮಾನ್ಯವಾಗಿ ಮೂರು ಅಳತೆಗೋಲು. ಜಿಪಿಎ (ಸರಾಸರಿ ಗ್ರೇಡ್) 2.0 ಇರಬೇಕು. ಸೇರಿಕೊಂಡ ಕ್ರೆಡಿಟ್‌ಗಳಲ್ಲಿ 67 ಶೇಕಡಾ ಪಾಸಾಗಿರಬೇಕು. ಪದವಿಗೆ ಬೇಕಾದ ಕ್ರೆಡಿಟ್‌ನ ಒಂದೂವರೆ ಪಟ್ಟಿನೊಳಗೆ, ಅಂದರೆ 120 ಕ್ರೆಡಿಟ್‌ನ ಪದವಿಯನ್ನು 180 ದಾಟದಂತೆ ಮುಗಿಸಬೇಕು. ಮಕ್ಕಳು ಎಡವುವುದು ಎರಡನೆಯದರಲ್ಲಿ. ಕಷ್ಟವಾದ ಎರಡು ಕೋರ್ಸನ್ನು ಅರ್ಧದಲ್ಲಿ ಬಿಟ್ಟರೆ ಅಂಕಪಟ್ಟಿಯಲ್ಲಿ ‘ಡಬ್ಲ್ಯು’ ಎಂದು ಬರುತ್ತದೆ, ಜಿಪಿಎಗೆ ಏನೂ ಆಗುವುದಿಲ್ಲ. ಆದರೆ 15 ಕ್ರೆಡಿಟ್‌ಗೆ ಸೇರಿ 6 ಬಿಟ್ಟರೆ ಪಾಸಾದದ್ದು 9, ಅಂದರೆ 60 ಶೇಕಡಾ. ಮಿತಿಗಿಂತ ಕೆಳಗೆ. ಹೆಚ್ಚಿನ ಕಾಲೇಜುಗಳಲ್ಲಿ ಮೊದಲ ಸಲ ಒಂದು ಅವಧಿಗೆ ಎಚ್ಚರಿಕೆ ಕೊಟ್ಟು ನೆರವು ಮುಂದುವರಿಸುತ್ತಾರೆ. ಮತ್ತೆ ತಪ್ಪಿದರೆ ನಿಲ್ಲಿಸುತ್ತಾರೆ. ಕಾಯಿಲೆ, ಹತ್ತಿರದವರ ಸಾವು ಇಂಥ ಕಾರಣಗಳಿದ್ದರೆ ಮೇಲ್ಮನವಿ ಹಾಕಬಹುದು. ಅದರಲ್ಲಿ ಏನಾಯಿತು ಎಂಬುದರ ಜೊತೆಗೆ ಈಗ ಏನು ಬದಲಾಗಿದೆ ಎಂಬುದನ್ನೂ ದಾಖಲೆ ಸಮೇತ ಬರೆಯಬೇಕು. ಎರಡನೆಯ ಭಾಗವಿಲ್ಲದ ಮನವಿ ನಿಲ್ಲುವುದಿಲ್ಲ.

ಸೆಮಿಸ್ಟರನ್ನೇ ಪೂರ್ತಿ ಬಿಟ್ಟು ಊರಿಗೆ ಬರಬೇಕಾದ ಪರಿಸ್ಥಿತಿ ಬಂದರೆ ದಿನಾಂಕ ನೋಡಿಕೊಳ್ಳಲು ಹೇಳಿ. ಅವಧಿಯ 60 ಶೇಕಡಾ ದಾಟುವ ಮೊದಲೇ ಬಿಟ್ಟರೆ, ಓದಿದಷ್ಟು ಭಾಗದ ಹಣ ಮಾತ್ರ ಅವಳದು. 30 ಶೇಕಡಾದಲ್ಲಿ ಬಿಟ್ಟರೆ ಫೆಡರಲ್ ನೆರವಿನ 70 ಶೇಕಡಾ ವಾಪಸ್ ಹೋಗುತ್ತದೆ, ಕಾಲೇಜಿನ ಶುಲ್ಕ ಬಾಕಿ ಅವಳ ಹೆಸರಿಗೆ ಬೀಳುತ್ತದೆ. ತುರ್ತು ಇಲ್ಲದಿದ್ದರೆ 60 ಶೇಕಡಾ ದಾಟುವವರೆಗೆ ತಡೆದುಕೊಳ್ಳುವುದು ಒಳ್ಳೆಯದು, ಬಿಡುವ ಮೊದಲು ನೆರವಿನ ಕಚೇರಿಯಲ್ಲಿ ಲೆಕ್ಕ ಬರೆಸಿಕೊಳ್ಳುವುದು ಇನ್ನೂ ಒಳ್ಳೆಯದು.